ಖಾರದ ಮೇಲಿನ ಮೊದಲ ಹಿಡಿ

ಗಿರಣಿ ಚಾಚಾ ಅವರ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಬಲಗೈಯ ಹೆಬ್ಬೆರಳು ಎಂದು ಬರೆಯಹೋಗಿ ತಡೆದೆ, ಎಡಗೈಯದೂ ಇರಬಹುದು. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಚೀಲದಿಂದ ಬಿಸಿ ಹಿಟ್ಟು ಇಳಿಯುವಾಗ ಅವರು ಚಿಟಿಕೆ ತೆಗೆದು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದರು. ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಆ ಬೆರಳ ತುದಿ ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. ಅಂಗಿಗೆ ಒರೆಸಿಕೊಂಡು ಒತ್ತುವರು, ಉಗುಳು ಹಚ್ಚಿ ಒತ್ತುವರು, ಕೊನೆಗೆ ಹಿಂದೆ ನಿಂತವರ ಕಡೆ ತಿರುಗಿ, "ಈ ಮಷೀನಿನ ಪ್ರಕಾರ ನಾ ಇನ್ನಾ ಹುಟ್ಟೇ ಇಲ್ರಿ. ಚಲೋ ಆತು, ಸಾಯೂ ಫಿಕರ್ ಇಲ್ಲ" ಎನ್ನುವರು.

ಈ ಮಾತನ್ನು ನಾನೇ ಕೇಳಿದ್ದೆನೋ, ಅವ್ವ ಹೇಳಿ ಹೇಳಿ ಕೇಳಿದಂತೆ ಆಗಿದೆಯೋ ತಿಳಿಯದು. ಇಲ್ಲಿ ಬರೆಯುವುದರಲ್ಲಿ ಇಂಥವು ಇನ್ನೂ ಇರಬಹುದು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ, ಆದರೆ ಬೇಕಾದ ದಿನದ ಪುಟದಲ್ಲಿ "ಚಾಚಾನ ಹೊಲ. ವಿಪರೀತ ಸೆಕೆ. ಚಹಾ" ಎಂದಷ್ಟೇ ಇದೆ. ಮುಂದೆ ಏನಾಗಲಿದೆ ಎಂದು ಅಂದು ತಿಳಿದಿರಲಿಲ್ಲವಲ್ಲ.

ಬಸವಕಲ್ಯಾಣದ ನಮ್ಮ ಓಣಿಯ ತಿರುವಿನಲ್ಲಿ ಅವರ ಗಿರಣಿ, ಮೇಲೆ ಮನೆ. ಗಡ್ಡಕ್ಕೆ ಮೆಹಂದಿ ಹಚ್ಚುತ್ತಿದ್ದರು. ಅದರ ಮೇಲೆ ಹಿಟ್ಟು ಕೂತು ಮಧ್ಯಾಹ್ನದ ಹೊತ್ತಿಗೆ ಗಡ್ಡ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ರೆಪ್ಪೆಗಳು ಬೆಳ್ಳಗೆ. ಸಿಟ್ಟಿನ ಮನುಷ್ಯ. ಹಸಿ ಜೋಳ ತಂದವರ ಡಬ್ಬಿಯನ್ನು ಎಲ್ಲರೆದುರು ಹೊರಗೆ ಇಟ್ಟುಬಿಡುತ್ತಿದ್ದರು. ನಾನು ಕಲಬುರಗಿಯಲ್ಲಿ ಎಂ.ಎ. ಮಾಡುವಾಗ ರಜೆಗೆ ಬಂದು ಡಬ್ಬಿ ಹೊತ್ತು ಹೋದರೆ, ಮೋಟಾರಿನ ಸದ್ದನ್ನೂ ಮೀರಿ ಕೂಗುವರು: "ಏ ಯುನಿವರ್ಸಿಟಿ! ನಿಮ್ಮವ್ವ ಜ್ವಾಳ ಒಣಗಿಸ್ಯಾಳೋ, ತೊಳದು ಹಂಗೇ ಕಳಿಸ್ಯಾಳೋ?" ಎಲ್ಲ ಹೆಂಗಸರೂ ನಗುವರು. ನನಗೆ ಅವರ ಮೇಲೆ ಕೆಂಡದಂಥ ಕೋಪ ಬರುತ್ತಿತ್ತು. ಈಗ ಪ್ರೀತಿ ಎಂದು ಬರೆದರೆ ಅದು ಪೂರ್ತಿ ನಿಜವಾಗದು.

ಆ ಗಿರಣಿಯಲ್ಲಿ ಒಂದು ರೂಢಿಯಿತ್ತು. ಜೋಳಕ್ಕೂ ಮೆಣಸಿನಕಾಯಿಗೂ ಒಂದೇ ಕಲ್ಲು. ಬೇಸಿಗೆಯಲ್ಲಿ ವರ್ಷದ ಖಾರ ಬೀಸಿಸುವವರು ಬಂದುಹೋದ ಮೇಲೆ ಕಲ್ಲಿನ ಸಂದಿಯಲ್ಲಿ ಖಾರ ಉಳಿಯುತ್ತಿತ್ತು. ಆಮೇಲೆ ಯಾರ ಜೋಳ ಮೊದಲು ಬಿದ್ದರೂ ಅವರ ಹಿಟ್ಟು ಕೆಂಪು. ರೊಟ್ಟಿ ತಿಂದ ಮಕ್ಕಳು ಬಾಯಿ ಉರಿದು ಅಳುವವು. ಹಾಗಾಗಿ ಖಾರದ ನಂತರ ಯಾರೂ ಡಬ್ಬಿ ಮುಂದೆ ಸರಿಸುತ್ತಿರಲಿಲ್ಲ. "ನಿಂದ ಮೊದಲ ಹಾಕಬೇ." "ಯಾಕ, ನಂದೇನ್ ದನದ ಹಿಟ್ಟೇನು?" ಎಂದು ಜಗಳ ಶುರುವಾಗುವ ಮುನ್ನ ಚಾಚಾ ಮೂಲೆಯ ತಮ್ಮ ತಗಡಿನ ಡಬ್ಬಿಯಿಂದ ಜೋಳ ಮೊಗೆದು ಸುರಿಯುವರು. "ಖಾರದ ಮ್ಯಾಲಿನ ಮೊದಲ ಹಿಡಿ ನಂದು. ಈಗ ಬರ್ರಿ ಮಹಾರಾಣೇರು." ಆ ಕೆಂಪು ಹಿಟ್ಟು ಮೇಲಿನ ಮನೆಗೆ ಹೋಗುತ್ತಿತ್ತು. ಚಾಚಿ ಕಿಟಕಿಯಿಂದಲೇ ಬೈಯುವರು: "ಊರ ಮಂದಿ ಖಾರೆಲ್ಲಾ ನಮ್ಮ ರೊಟ್ಟ್ಯಾಗೇ ಇರಲಿ!"

ಓಣಿಯಲ್ಲಿ ಬೆಳೆದ ನಮಗೆಲ್ಲ ಇದು ಗೊತ್ತಿತ್ತು. ನನಗೂ, ನನ್ನ ತಮ್ಮನಿಗೂ.

ಹಿಟ್ಟಿನ ಧೂಳು ಅವರ ಶ್ವಾಸಕೋಶವನ್ನು ತಿಂದುಹಾಕಿತು. ಹುಮನಾಬಾದಿನ ಡಾಕ್ಟರು ಗಿರಣಿಯ ಮೇಲಿನ ಮನೆ ಬಿಡಲೇಬೇಕೆಂದರು. ಅಳಿಯನಿಗೆ ಗಿರಣಿ ಒಪ್ಪಿಸಿ, ಚಾಚಾ ಮತ್ತು ಚಾಚಿ ಮುಡಬಿಯ ಕಡೆ ಇರುವ ತಮ್ಮ ಹೊಲದ ಕೋಣೆಗೆ ಹೋದರು. ಕಲ್ಲಿನ ಗೋಡೆ, ತಗಡಿನ ಮಾಳಿಗೆ, ಹಿಂದೆ ಒಂದು ಅಡಿಗೆಯ ಸಂದು. ಕರೆಂಟಿನ ಕಂಬ ಅಲ್ಲಿಗೆ ಬಂದಿರಲಿಲ್ಲ. ಗಾಳಿ ಮಾತ್ರ ಚೊಕ್ಕವಾಗಿತ್ತು, ಆದರೆ ಅವರಿಗೆ ಅದೂ ಸಾಲದಾಗಿತ್ತು. ಮಲಗುವಾಗ ಆಕ್ಸಿಜನ್ ಯಂತ್ರದ ನಳಿಕೆ ಮೂಗಿಗೆ ಬೇಕೇ ಬೇಕು. ಆ ಯಂತ್ರಕ್ಕೆ ವಿದ್ಯುತ್ ಬೇಕು.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನನ್ನ ತಮ್ಮನ ಸೋಲಾರ್ ಅಂಗಡಿ ಇದೆ. ಅವನೇ ಹೋಗಿ ತಗಡಿನ ಮೇಲೆ ಪ್ಯಾನೆಲ್ ಹಾಕಿ, ಒಳಗೆ ಬ್ಯಾಟರಿ ಕೂಡಿಸಿ, ಗೋಡೆಗೆ ಚಾರ್ಜ್ ಕಂಟ್ರೋಲರ್ ಬಡಿದ. ಪುಸ್ತಕದಷ್ಟು ದೊಡ್ಡ ಪೆಟ್ಟಿಗೆ ಅದು. ಬಿಸಿಲಿನ ವಿದ್ಯುತ್ತನ್ನು ಬ್ಯಾಟರಿಗೆ ಎಷ್ಟು ತುಂಬಬೇಕು, ಬ್ಯಾಟರಿ ಎಲ್ಲಿಯವರೆಗೆ ಇಳಿದರೆ ಯಂತ್ರಗಳಿಗೆ ಕೊಡುವುದನ್ನು ಕಡಿಯಬೇಕು ಎಂದು ತೀರ್ಮಾನಿಸುವುದು ಅದೇ. ಆ ಕಡಿಯುವ ಮಿತಿಯನ್ನು ತಮ್ಮ ಕೆಳಗಿಳಿಸಿಟ್ಟ. "ಬ್ಯಾಟರಿ ಸತ್ತರೂ ನಡೀತದ, ಚಾಚಾನ ಮಷೀನ್ ನಿಂದರಬಾರದು" ಎಂದ. ಇದು ನನಗೆ ಚೆನ್ನಾಗಿ ನೆನಪಿದೆ. ಅವನ ಪರವಾಗಿ ಇದನ್ನು ಬರೆದಿಡಬೇಕು.

ಚಾಚಾಗೆ ಆಕ್ಸಿಜನ್ ಯಂತ್ರದ ಗುಂಯ್ ಸದ್ದು ಒಗ್ಗಿತು. "ಇದೂ ಒಂದು ಗಿರಣಿನೇ ನೋಡು. ಗಾಳಿ ಬೀಸ್ತದ" ಎನ್ನುವರು. ಸದ್ದು ಸ್ವಲ್ಪ ಬದಲಾದರೂ ಕಣ್ಣು ತೆರೆದು ಕಿವಿಗೊಡುವರು.

ಕಳೆದ ಬೇಸಿಗೆಯಲ್ಲಿ ಗೋಡೆಯ ಆ ಪೆಟ್ಟಿಗೆ ಕಾಟ ಕೊಡತೊಡಗಿತು. ಉರಿಬಿಸಿಲಿನಲ್ಲಿ ಕಾದು, ಇದ್ದಕ್ಕಿದ್ದಂತೆ ಮಂಕಾಗಿ, ಬ್ಯಾಟರಿ ತುಂಬುವುದನ್ನೇ ನಿಲ್ಲಿಸುತ್ತಿತ್ತು. ಚಾಚಿ ನೋಡಿ ಸ್ವಿಚ್ಚು ಆರಿಸಿ ಹಾಕಿದರೆ ಮತ್ತೆ ಸರಿ. ನೋಡದಿದ್ದರೆ ರಾತ್ರಿಗೆ ವಿದ್ಯುತ್ ಇಲ್ಲ. ಅದನ್ನು ಮಾಡಿದ ಕಂಪನಿಯವರು ಪೆಟ್ಟಿಗೆಯೊಳಗಿನ ತಂತ್ರಾಂಶವನ್ನು, ತಮ್ಮ ಅದನ್ನು ಫರ್ಮ್‌ವೇರ್ ಎನ್ನುತ್ತಿದ್ದ, ಹೊಸದಾಗಿ ಕಳಿಸಿದ್ದರು. ಫೋನಿನಿಂದಲೇ ಹಾಕಬಹುದು. ಹಾಕಿದರೆ ಬಿಸಿಲಿನ ತೊಂದರೆ ಹೋಗುತ್ತದೆ. ಹಾಕುವಾಗ ನಡುವೆ ಕೆಟ್ಟರೆ ಪೆಟ್ಟಿಗೆ ಮತ್ತೆ ಚಾಲೂ ಆಗದೆ ಬರಿಯ ಇಟ್ಟಿಗೆಯಾಗುತ್ತದೆ.

ತಮ್ಮ ಬಂದ. ನಾನೂ ಜೊತೆಗಿದ್ದೆ, ಕಂಪನಿಯ ಇಂಗ್ಲಿಷ್ ಸೂಚನೆ ಓದಿ ಹೇಳಲಿಕ್ಕೆ ಕರೆದನೋ, ಚಾಚಾನನ್ನು ನೋಡಲು ನಾನೇ ಹೊರಟೆನೋ ಮರೆತಿದೆ. ಚಾಚಾ ಹೊರಸಿನ ಮೇಲೆ ದಿಂಬಿಗೆ ಒರಗಿದ್ದರು.

"ನಡದದ್ದನ್ನ ಯಾಕ ಕೆದಕ್ತೀರಿ? ಸ್ವಿಚ್ ನಾ ಹಾಕ್ಕೋತ ಕೂಡ್ತೀನಿ" ಎಂದರು ಚಾಚಿ.

"ನೀವು ಒಂದಿನ ಬಸವಕಲ್ಯಾಣಕ್ಕ ಹೋದ್ರ ಯಾರ್ ಹಾಕ್ತಾರ ಚಾಚಿ?" ಎಂದ ತಮ್ಮ. "ಇದೇ ಪೆಟಗಿ ಇನ್ನಾ ಭಾಳ ಹೊಲದಾಗ ಕೂಡ್ಸೀನಿ. ನಾರಾಯಣಪುರದ ಕೋಳಿ ಶೆಡ್ಡಿನ್ಯಾಗೂ ಇದೇ ಅದ. ಎಲ್ಲಾ ಕಡಿ ಹಾಕಬೇಕು. ಮೊದಲ ಒಂದು ಕಡಿ ಹಾಕಿ ನೋಡಬೇಕಲ್ಲ."

ಚಾಚಾ ಅವನನ್ನೇ ನೋಡಿದರು. ಆಮೇಲೆ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ. "ಹಂಗನ್ನು ಬೇಟಾ. ಖಾರ ಬೀಸೂದು ಮುಗದದ. ಮೊದಲ ಹಿಡಿ ನಂದೇ ಅಲ್ಲೇನು?"

"ಗಿರಣಿ ಬಿಟ್ಟೀರಿ, ಚಟ ಬಿಟ್ಟಿಲ್ಲ" ಎಂದು ಗೊಣಗುತ್ತ ಚಾಚಿ ಚಹಾ ಇಡಲು ಹಿಂದಕ್ಕೆ ಹೋದರು.

ನಾನು ಸೂಚನೆ ಓದಿದೆ. ಹಾಕುವ ಮುನ್ನ ಈಗಿನ ಮಿತಿಗಳನ್ನೆಲ್ಲ ಗುರುತು ಮಾಡಿಕೊಳ್ಳಿ, ಅವು ಕಂಪನಿ ಇಟ್ಟ ಮೊದಲಿನ ಸ್ಥಿತಿಗೆ ಮರಳಬಹುದು ಎಂದು ಒಂದು ಸಾಲಿತ್ತು. ಅದನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲೂ ಹೇಳಿದೆ ಎಂದೇ ನನ್ನ ನೆನಪು. ಆದರೆ ನನ್ನ ನೆನಪು ನನಗೆ ಅನುಕೂಲವಾದುದನ್ನೇ ಇಟ್ಟುಕೊಳ್ಳುವುದನ್ನು ನಾನು ಬೇರೆ ಸಂದರ್ಭಗಳಲ್ಲಿ ಕಂಡಿದ್ದೇನೆ.

ತಮ್ಮ ಫೋನನ್ನು ಚಾಚಾರ ಮುಂದೆ ಹಿಡಿದ. "ನೀವೇ ಒತ್ತ್ರಿ, ನಿಮ್ಮ ಕೈಲೇ ಚಾಲೂ ಆಗ್ಲಿ." ಚಾಚಾ ಹೆಬ್ಬೆರಳು ಒತ್ತಿದರು. ಪರದೆ ಅಲುಗಲಿಲ್ಲ. ಮತ್ತೆ ಒತ್ತಿದರು, ಉಗುಳು ಹಚ್ಚಿಯೂ ಒತ್ತಿದರು. ಕೈ ಹಿಂದೆ ತೆಗೆದುಕೊಂಡು ಹೇಳಿದರು: "ಇದಕ್ಕೂ ನಾ ಹುಟ್ಟಿಲ್ಲ ನೋಡು. ಬಿಡು, ಇವತ್ತ ಬ್ಯಾಡ. ನಾಳಿಗಿ ನೋಡಣು."

ಅಷ್ಟರಲ್ಲಿ ಚಾಚಿ ಚಹಾ ಒಯ್ಯಲು ಕರೆದರು. ನಾನು ಹಿಂದಿನ ಅಡಿಗೆ ಸಂದಿಗೆ ಹೋದೆ. ಹಾಲು ಉಕ್ಕುವವರೆಗೆ ಅಲ್ಲೇ ನಿಂತಿದ್ದೆ. ತಟ್ಟೆ ಹಿಡಿದು ಹೊರಗೆ ಬಂದಾಗ ಫೋನಿನಲ್ಲಿ ಹಸಿರು ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ಚಾಚಾ ಕಣ್ಣು ಮುಚ್ಚಿದ್ದರು. ಪಟ್ಟಿ ತುಂಬಿತು, ಪೆಟ್ಟಿಗೆ ಆರಿ ಹೊತ್ತಿತು, ತಮ್ಮ ಉಸಿರು ಬಿಟ್ಟ. "ಮುಬಾರಕ್ ಚಾಚಾ, ಹಿಟ್ಟು ಬೆಳ್ಳಗ ಬಂತು" ಎಂದ. ಚಹಾ ಕುಡಿದೆವು.

ಉಳಿದ ಬೇಸಿಗೆಯಲ್ಲಿ ಪೆಟ್ಟಿಗೆ ಒಮ್ಮೆಯೂ ಮಂಕಾಗಲಿಲ್ಲ. ಚಾಚಿಯೇ ನನಗೆ ಫೋನು ಮಾಡಿ ಹೊಗಳಿದರು. ಮಳೆಗಾಲ ಶುರುವಾಗಿ, ಬಿಸಿಲೇ ಕಾಣದ ಮೋಡದ ದಿನಗಳು ಬಂದವು. ಅಂಥ ಒಂದು ಬೆಳಿಗ್ಗೆ ಚಾಚಿಗೆ ಎಚ್ಚರವಾದದ್ದು ಸದ್ದಿಗಲ್ಲ, ಸದ್ದು ಇಲ್ಲದ್ದಕ್ಕೆ. ಆಕ್ಸಿಜನ್ ಯಂತ್ರ ನಿಂತಿತ್ತು. ಮೂಲೆಯಲ್ಲಿ ತುರ್ತಿಗೆಂದು ಇಟ್ಟ ಸಿಲಿಂಡರಿನ ಕಡೆಗೆ ಚಾಚಾರ ಒಂದು ಕೈ ಹೊರಸಿನಿಂದ ಇಳಿಬಿದ್ದಿತ್ತು. ಮೈ ತಣ್ಣಗಾಗಿತ್ತು.

ಬ್ಯಾಟರಿಯಲ್ಲಿ ಇನ್ನೂ ವಿದ್ಯುತ್ ಇತ್ತು. ತಮ್ಮ ಬಿಡಿಸಿ ಹೇಳಲಿಲ್ಲ. ನಾನೇ ಕೇಳಿ ಕೇಳಿ ತಿಳಿದುಕೊಂಡೆ. ಹೊಸ ತಂತ್ರಾಂಶ ಬಂದಾಗ ಅವನು ಇಳಿಸಿಟ್ಟ ಮಿತಿ ಮೊದಲಿನ ಎತ್ತರಕ್ಕೆ ಮರಳಿತ್ತು. ಬಿಸಿಲಿದ್ದಷ್ಟು ದಿನ ಅದು ಕಾಣಲಿಲ್ಲ. ಮೋಡದಲ್ಲಿ ಬ್ಯಾಟರಿ ತುಸು ಇಳಿದದ್ದೇ ಪೆಟ್ಟಿಗೆ ಯಂತ್ರಕ್ಕೆ ಕೊಡುವುದನ್ನು ಕಡಿದಿತ್ತು. ಡಾಕ್ಟರು, ಅಂಥ ಶ್ವಾಸಕೋಶ ಇಟ್ಟುಕೊಂಡವರು ಯಂತ್ರ ನಡೆಯುತ್ತಿದ್ದಾಗಲೂ ಹೋಗಬಹುದಿತ್ತು ಎಂದರು. ಇರಬಹುದು. ಆ ಇಳಿಬಿದ್ದ ಕೈಯನ್ನು ಡಾಕ್ಟರು ನೋಡಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಚಾಚಿಯ ಸುತ್ತ ಕೂತಿದ್ದರು. ಒಂದು ಕಾಲಕ್ಕೆ ಡಬ್ಬಿ ಹಿಂದೆ ಸರಿಸುತ್ತಿದ್ದವರೇ ಎಲ್ಲ. ತಮ್ಮ ಬಾಗಿಲಲ್ಲಿ ನಿಂತು, "ಬ್ಯಾಡಂದಿದ್ರ ನಾ ಮಾಡ್ತಿದ್ದಿಲ್ಲ ಚಾಚಿ. ಅವರೇ ಹೂಂ ಅಂದ್ರು, ಅವರೇ ಒತ್ತಿದ್ರು" ಎಂದ. ಚಾಚಿ ತಲೆಯಾಡಿಸಿದರು. "ಹೌದಪ್ಪಾ. ಅವರ ಗುಣಾನೇ ಹಂಗ ಇತ್ತು." ಆ ಮಾತನ್ನೇ ಹಿಡಿದುಕೊಂಡು ಆಕೆ ಈಗ ದಿನ ದೂಡುತ್ತಿದ್ದಾರೆ. ಹೋದವರು ತಾವೇ ಬಯಸಿದ್ದನ್ನು ಮಾಡಿ ಹೋದರು ಎಂಬ ಸಮಾಧಾನ ಅದು. ಅದನ್ನು ಕಿತ್ತುಕೊಳ್ಳಲು ನನಗೆ ಅಧಿಕಾರವಿಲ್ಲ.

"ನಾಳಿಗಿ ನೋಡಣು" ಎಂದದ್ದು ಆ ದಿನವೇನಾ? ಬೇರೆ ಯಾವುದೋ ದಿನ, ಪಡಿತರದ ಅಂಗಡಿಯಲ್ಲಿ, ಬೇರೆ ಯಾವುದಕ್ಕೋ ಅಂದದ್ದನ್ನು ನಾನು ಇಲ್ಲಿಗೆ ತಂದು ಸೇರಿಸಿಕೊಂಡಿದ್ದೇನೆಯೇ? ಎಷ್ಟೋ ಸಲ ಹಾಗೆಂದು ನಂಬಲು ನೋಡಿದ್ದೇನೆ. ಆದರೆ ಹಾಲು ಉಕ್ಕಿದ ವಾಸನೆ ಆ ಮಾತಿಗೆ ಅಂಟಿಕೊಂಡಿದೆ, ಬಿಡುತ್ತಿಲ್ಲ.

ಹೋದ ತಿಂಗಳು ತಮ್ಮನ ಜೊತೆ ನಾರಾಯಣಪುರಕ್ಕೆ ಹೋಗಿದ್ದೆ. ಕೋಳಿ ಶೆಡ್ಡಿನ ಪೆಟ್ಟಿಗೆಗೆ ಹೊಸ ತಂತ್ರಾಂಶ ಹಾಕುವುದಿತ್ತು. ಅವನು ಮೊದಲು ಅದರಲ್ಲಿದ್ದ ಮಿತಿಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದುಕೊಂಡ. ಹಾಕಿದ. ಫೋಟೋ ನೋಡಿ ನೋಡಿ ಎಲ್ಲವನ್ನೂ ಮರಳಿ ಕೂಡಿಸಿದ. ಮತ್ತೊಮ್ಮೆ ಮೊದಲಿನಿಂದ ಸರಿ ನೋಡಿದ. ಶೆಡ್ಡಿನವರು, "ಏನ್ ಬಾರೀಕ್ ಕೆಲಸರೀ ನಿಮ್ದು! ನಮ್ಮ ಕೋಳಿ ನಸೀಬ ಚಲೋ ಅದ" ಎಂದರು. ಮರಿಗಳು ಬೆಳಕಿನ ಕೆಳಗೆ ಗುಂಪುಗೂಡಿ ಚಿಲಿಗುಟ್ಟುತ್ತಿದ್ದವು. ಚಾಚಾ ಇದ್ದಿದ್ದರೆ ಇಲ್ಲಿ ಹಿಟ್ಟು ಬೆಳ್ಳಗೇ ಬಂದಿದೆ ಎನ್ನುತ್ತಿದ್ದರು.

ಬರುವಾಗ ದಾರಿಯಲ್ಲಿ ಕೇಳಿದೆ. ತಮ್ಮ ಗಾಡಿ ನಿಲ್ಲಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ಮನೆ ಬಂದ ಮೇಲೆ ಅವ್ವನೊಂದಿಗೆ ಬೇರೆ ಮಾತು ತೆಗೆದ. ಆಮೇಲೆ ಅನೇಕ ಸಲ ಎದುರು ಬದುರು ಕೂತು ಊಟ ಮಾಡಿದ್ದೇವೆ. ನಾನು ಎರಡನೆಯ ಸಲ ಕೇಳಿಲ್ಲ. ಅವನು ಮರೆತಿಲ್ಲ ಎಂಬುದು ಅವನ ಮುಖದಲ್ಲಿ ಕಾಣುತ್ತದೆ. ನಾನು ಕೇಳಿದ್ದು ಇಷ್ಟೇ:

"ಚಾಚಾನ ಹೆಬ್ಬೆಟ್ಟು ಯಾವ ಮಷೀನೂ ತಗೋತಿದ್ದಿಲ್ಲ. ಅವತ್ತ ನಾ ಚಹಾಕ್ಕ ಒಳಗ ಹೋದಾಗ, ಆ ಫೋನ್ ಒತ್ತಿದವರು ಯಾರು?"