ಕೆಡದ ಹಾಗೆ ಎಂದಷ್ಟೇ ಹೇಳಿದೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ತಾಳವಾಡಿಯಲ್ಲಿ ಸಣ್ಣದೊಂದು ಆಸ್ಪತ್ರೆ ನಡೆಸುತ್ತಿದ್ದೆ. ಪಣಕಹಳ್ಳಿಯ ಮಾದಮ್ಮ ಎದೆಯ ಗಡ್ಡೆ ತೋರಿಸಲು ಬಂದಾಗ ಕ್ಯಾನ್ಸರ್ ಆಗಲೇ ಬೆನ್ನುಮೂಳೆಗೆ ಇಳಿದಿತ್ತು. ವಯಸ್ಸು ನಲವತ್ತೂ ಆಗಿರಲಿಲ್ಲ. ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಹೋಗಲು ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ಕೂರುವುದು ಅವಳಿಂದ ಆಗದ ಮಾತಾಗಿತ್ತು.

ಕೊಯಮತ್ತೂರಿನಲ್ಲಿ ಕ್ಯಾನ್ಸರ್ ತಜ್ಞನಾಗಿದ್ದ ನನ್ನ ಸಹಪಾಠಿ ಆಗಷ್ಟೇ ಬಂದಿದ್ದ ಒಂದು ಪರೀಕ್ಷೆಯ ಬಗ್ಗೆ ಬರೆದಿದ್ದ. ಗಡ್ಡೆಯಲ್ಲಿ ಈಸ್ಟ್ರೋಜನ್ ರಿಸೆಪ್ಟರ್, ಅಂದರೆ ಹೆಣ್ಣಿನ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು ಇದ್ದರೆ, ಮಾತ್ರೆಗಳಿಂದಲೇ ಕಾಯಿಲೆಯನ್ನು ಕೆಲಕಾಲ ತಡೆಯಬಹುದು. ಇಲ್ಲದಿದ್ದರೆ ತಡಮಾಡದೆ ಕಟುವಾದ ಇಂಜೆಕ್ಷನ್ ಶುರುಮಾಡಬೇಕು. ಎರಡನ್ನೂ ಒಂದಾದ ಮೇಲೊಂದು ನೋಡುವಷ್ಟು ಕಾಲ ಮಾದಮ್ಮನಿಗೆ ಇರಲಿಲ್ಲ. ಪರೀಕ್ಷೆಗೆ ಗಡ್ಡೆಯ ಹಸಿ ತುಂಡು ಬೇಕು, ಅದೂ ತಣ್ಣಗಿರಬೇಕು. ಬಿಸಿಯಾದರೆ ಪ್ರೋಟೀನು ಹಾಳು.

ಗಡ್ಡೆಯನ್ನು ಪೂರ್ತಿ ತೆಗೆದೆ. ತುಂಡನ್ನು ಸೀಸೆಯಲ್ಲಿ ಹಾಕಿ, ಐಸು ಮತ್ತು ಮರದ ಹೊಟ್ಟು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು ಕೊಯಮತ್ತೂರಿಗೆ ಒಯ್ಯಲು ಅವಳ ಗಂಡ ನಂಜೇಗೌಡನಿಗೆ ಕೊಟ್ಟೆ. "ಕೆಡದ ಹಾಗೆ ನೋಡ್ಕೊಳ್ಳಿ ಗೌಡ್ರೇ, ಎಲ್ಲಾ ಇದರ ಮೇಲೇ ನಿಂತಿದೆ" ಎಂದೆ. ಬಸ್ಸಿಗೆ ಹೊತ್ತಾಗಿತ್ತು, ಅಷ್ಟೇ ಹೇಳಿದೆ.

ಘಾಟಿಯಲ್ಲಿ ಲಾರಿಯೊಂದು ಮಗುಚಿ ಬಸ್ಸು ಸಂಜೆಯವರೆಗೆ ನಿಂತಿತು. ಮರುದಿನ ಸಹಪಾಠಿ ಟ್ರಂಕ್ ಕಾಲ್ ಮಾಡಿದ. "ತುಂಡಿಗೆ ಅರಿಸಿನ ಉಪ್ಪು ಸವರಿದ್ದಾರಲ್ಲಯ್ಯಾ. ಇದರಲ್ಲಿ ಇನ್ನೇನೂ ಗೊತ್ತಾಗಲ್ಲ."

ಮತ್ತೆ ಕೊಯ್ದು ಕಳಿಸಲು ಗಡ್ಡೆ ಉಳಿದಿರಲಿಲ್ಲ; ತೆಗೆದದ್ದರಲ್ಲಿ ಮಿಕ್ಕಿದ್ದನ್ನು ಐಸಿನಲ್ಲಿಟ್ಟಿರಲಿಲ್ಲ. ವಾಪಸು ಬಂದ ನಂಜೇಗೌಡನ ಮೇಲೆ ರೇಗಿದೆ.

"ಕೆಡದಂಗೆ ನೋಡ್ಕಳಿ ಅಂದ್ರಲ್ಲ ಸಾ. ಐಸೆಲ್ಲ ನೀರಾಗೋಯ್ತು. ಸತ್ಯಮಂಗಲದಲ್ಲಿ ಇಳ್ದು ಅರಿಸ್ನ ಉಪ್ಪು ತಕ್ಕಂಡು ಆಕ್ಬುಟ್ಟೆ. ನಮ್ಮಟ್ಟೀಲಿ ಮಾಂಸ ಇಡಾದು ಇಂಗೇಯ."

ಅವನು ನಾನು ಹೇಳಿದ್ದನ್ನೇ ಮಾಡಿದ್ದ.

ಬೇರೆ ದಾರಿಯಿಲ್ಲದೆ ಕತ್ತಲಲ್ಲಿ ತಡಕಾಡುವವರ ಹಾಗೆ ಮಾತ್ರೆ ಶುರುಮಾಡಿದೆವು. ಮೂರನೇ ತಿಂಗಳಲ್ಲಿ ಕಾಯಿಲೆ ಲಿವರ್‌ಗೂ ಹರಡಿತು. ಇಂಜೆಕ್ಷನ್ ತಾಳುವ ಶಕ್ತಿ ಆಗ ಅವಳಲ್ಲಿ ಇರಲಿಲ್ಲ. "ಒಂದು ಮಾತ್ರೇನೂ ತಪ್ಪುಸ್ನಿಲ್ಲ ಸಾ, ಯಾಕ್ ವಾಸಿಯಾಯ್ತಿಲ್ಲ?" ಎಂದು ಮಾದಮ್ಮ ಕೇಳಿದಳು. ಹೊರಗೆ ಬಂದು ಅತ್ತುಬಿಟ್ಟೆ. ಆ ವಾರವೇ ಅವಳು ಹೋದಳು.

ತಿಥಿ ಮುಗಿದ ಮೇಲೆ ನಂಜೇಗೌಡ ಬಂದ. "ನಾ ಅರಿಸ್ನ ಆಕ್ದೆ ಇದ್ದಿದ್ರೆ ಉಳ್ಕತಿದ್ಲಾ ಸಾ?"

"ಗೊತ್ತಿಲ್ಲ ಗೌಡ್ರೇ. ಆದರೆ ತಪ್ಪು ನಿಮ್ಮದಲ್ಲ. ಅದು ತಣ್ಣಗೇ ಇರಬೇಕು, ಐಸು ಕರಗಿದರೆ ಬೇರೆ ಹಾಕಿ ಅಂತ ನಾನು ಹೇಳಬೇಕಿತ್ತು."

ಅವನು ಹೋಗಲು ಎದ್ದವನು ಬಾಗಿಲ ಬಳಿ ತಿರುಗಿ ನಿಂತ.

"ಅರಿಸ್ನ ತಕ್ಕಂಡ ಅಂಗ್ಡಿ ಪಕ್ಕದಲ್ಲೇ ಸೋಡಾ ಅಂಗ್ಡಿ ಇತ್ತು ಸಾ. ಐಸ್ ಒಡೀತಿದ್ರು. ನಾ ನೋಡ್ದೆ."

ಆಮೇಲೆ ಯಾರ ಕೈಗೆ ಏನು ಕೊಟ್ಟರೂ, ಯಾಕೆ ಎನ್ನುವುದನ್ನು ತಿಳಿಸಿ, ಅವರ ಬಾಯಿಂದ ಮತ್ತೆ ಹೇಳಿಸಿಯೇ ಕಳಿಸಿದ್ದೇನೆ. ಒಂದು ಮಾತಿನ ಬೆಲೆಯನ್ನು ನನಗೆ ಕಲಿಸಲು ಮಾದಮ್ಮ ಸಾಯಬೇಕಾಯಿತು.