ನಮ್ಮ ಮಾಮಾ ಹೇಳಿದ ಒಂದೇ ಸುಳ್ಳು

ಮಲ್ಲಪ್ಪ ಮಾಮಾನ ಜಲನಗರದ ಮನೆಯಲ್ಲಿ ಹಿತ್ತಾಳೆ ತಂಬಿಗೆಗಳನ್ನು ಒಂದಕ್ಕೊಂದು ತಾಗಿಸಿಯೇ ಇಡಬೇಕಿತ್ತು. ಅವನ ಹೆಂಡತಿ, ನಮ್ಮ ಅತ್ತಿ, ತಿಕ್ಕಿ ತೊಳೆದು ಬಿಡಿಬಿಡಿಯಾಗಿ ಇಟ್ಟರೆ ಈತ ಹಿಂದಿನಿಂದ ಬಂದು ಮತ್ತೆ ಕೂಡಿಸುತ್ತಿದ್ದ. ನೆಲ ತುಸು ಅಲುಗಿದರೂ ಅವು ಕಿಣಿಕಿಣಿ ಅನ್ನಬೇಕಲ್ಲ, ಅದಕ್ಕೆ. "ನಿಮ್ಮ ಪ್ರಯೋಗ ಕಾಲೇಜಿನ್ಯಾಗ ಇಟ್ಕೋರಿ, ನನ್ನ ಅಡಗಿಮನ್ಯಾಗ ಬ್ಯಾಡ್ರಿ!" ಎಂದು ಅತ್ತಿ ಸಿಡುಕುತ್ತಿದ್ದಳು. ಮಾಮಾ ಕೇಳಿದರೆ ತಾನೆ!

ಆತ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಮೇಷ್ಟರು, ನನ್ನ ತಾಯಿಯ ಅಣ್ಣ. ಹುಡುಗಿಯಿದ್ದಾಗ ನಾನು ಓದಿದ್ದೆಲ್ಲ ಅವನ ಮನೆಯಲ್ಲೇ ಇದ್ದುಕೊಂಡು. ಭೂಕಂಪದ ಬಗ್ಗೆ ಜಗತ್ತಿನಲ್ಲಿ ಎಲ್ಲಿ ಹೊಸ ಸಂಶೋಧನೆ ನಡೆದರೂ ಮೊಬೈಲಿನಲ್ಲಿ ಹುಡುಕಿ ಓದಿ, ಊಟಕ್ಕೆ ಕೂತಾಗ ತನ್ನ ತಾಯಿಗೆ, ಅಂದರೆ ನಮ್ಮ ಆಯಿಗೆ, ಹೇಳಲೇಬೇಕು.

"ಸಮುದ್ರದ ತಳಕ್ಕ ಯಂತ್ರ ಇಳಿಸಿ ಭೂಮಿ ಸಪ್ಪಳ ಕೇಳಾಕತ್ತಾರಬೇ!"

"ಕೇಳಲಿ ಬಿಡು. ನಮ್ಮ ಊರಾಗ ಯಾವಾಗ ನಡಗತೈತಿ ಅಂತ ಹೇಳ್ಯಾರೇನು?"

"ಇಲ್ಲಬೇ. ಅದು ಯಾರಿಗೂ ಗೊತ್ತಿಲ್ಲ."

ಆಯಿ ಸಮಾಧಾನದಿಂದ ರೊಟ್ಟಿ ಮುರಿಯುತ್ತಿದ್ದಳು.

ಈಚಿನ ವರ್ಷಗಳಲ್ಲಿ ತಿಕೋಟಾ, ಬಬಲೇಶ್ವರದ ಕಡೆ, ಊರೊಳಗೂ ಭೂಮಿ ಆಗಾಗ ಗುಡುಗುಟ್ಟಿ ಅಲುಗುತ್ತದೆ. ದೊಡ್ಡದಲ್ಲ, ಆದರೆ ಜೀವ ಬಾಯಿಗೆ ಬರುತ್ತದೆ. ಹಾಗೆ ಅಲುಗಿದ ಒಂದು ಬೆಳಿಗ್ಗೆ ಓಣಿಯವರೆಲ್ಲ ಮಾಮಾನ ಅಂಗಳದಲ್ಲಿ ಸೇರಿದರು. ಎದುರು ಮನೆಯ ಗುಮಾಸ್ತರು ತಡೆಯಲಾರದೆ ಅಂದೇಬಿಟ್ಟರು: "ಇಷ್ಟ ಓದಿ ಗೊತ್ತಿಲ್ಲ ಅಂದ್ರ ಹೆಂಗ್ರಿ ಸರ?" ಮಾಮಾ ಒಳಗಿನಿಂದ ಒಂದು ಕಡಕ್ ರೊಟ್ಟಿ ತಂದ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತುತ್ತ ಹೋದ. "ಇದು ಮುರೀತದ, ಹೌದಲ್ರಿ? ಯಾವಾಗ, ಹೇಳ್ರಿ?" ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಫಟ್ಟನೆ ಮುರಿಯಿತು. ಗೊತ್ತಿದ್ದೂ ಎಲ್ಲರೂ ಬೆಚ್ಚಿಬಿದ್ದೆವು. "ನಮ್ಮ ವಿದ್ಯಾ ಇಷ್ಟ ನೋಡ್ರಿ," ಎಂದ ಮಾಮಾ. ಚೂರನ್ನು ಬಾಯಿಗೆ ಹಾಕಿಕೊಂಡನಾದರೂ ಮುಖದಲ್ಲಿ ನಗುವಿರಲಿಲ್ಲ.

ಆವತ್ತೇ ಆಯಿ ಹೊರಸು, ಕೌದಿ ಎತ್ತಿಸಿಕೊಂಡು ಅಂಗಳದ ಬೇವಿನ ಗಿಡದ ಕೆಳಗೆ ಬಿಡಾರ ಹೂಡಿದಳು. ಸ್ಲ್ಯಾಬಿನ ಕೆಳಗೆ ಮಲಗಲಾರೆ ಎಂದಳು. ಚಳಿ ಬಂತು. ಕೆಮ್ಮು ಹಿಡಿಯಿತು. ಎದೆಯಲ್ಲಿ ಕಫ ಕಟ್ಟಿದೆ, ಇವರನ್ನು ಒಳಗೆ ಮಲಗಿಸದಿದ್ದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ನಾವು ಗೋಗರೆದೆವು, ಗದರಿಸಿದೆವು. ಮುದುಕಿ ಮಿಸುಕಲಿಲ್ಲ.

"ಇನ್ನ ಭೂಕಂಪ ಬರೂದಿಲ್ಲ ಅಂತ ಮಲ್ಲಪ್ಪ ಅನ್ನಲಿ, ಈಗ ಒಳಗ ಬರ್ತೀನಿ. ಅಂವಾ ಸುಳ್ಳ ಹೇಳೂದಿಲ್ಲ."

"ಒಂದ ಮಾತ ಅಂದಬಿಡ್ರಿ, ಏನ ಹೋಗತೈತಿ ನಿಮ್ದು?" ಎಂದು ಅತ್ತಿ ಅತ್ತಳು. ಮಾಮಾ ತಲೆ ಕೆಳಗೆ ಹಾಕಿ ಅಂಗಳದಲ್ಲಿ ಅಡ್ಡಾಡಿದ. ಒಳಗಿದ್ದರೆ ಭೂಮಿಯ ಭಯ, ಹೊರಗಿದ್ದರೆ ಚಳಿಯ ಭಯ. ಓದಿದ ಯಾವ ವಿದ್ಯೆಯೂ ಅವನ ನೆರವಿಗೆ ಬರಲಿಲ್ಲ. ಕೆಮ್ಮು ಹೆಚ್ಚಾದ ಒಂದು ಸಂಜೆ ಹೊರಸಿನ ಅಂಚಿಗೆ ಕೂತ.

"ಇನ್ನ ಬರೂದಿಲ್ಲಬೇ. ನಡಿ ಒಳಗ."

"ಖರೇನ?"

"ಖರೇನ."

ಆಯಿ ಮಗನ ಕೈ ಹಿಡಿದು ಒಳಗೆ ಬಂದಳು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ತಂಬಿಗೆಗಳು ಕಿಣಿಕಿಣಿ ಅಂದವು. ಏನೂ ಬೀಳಲಿಲ್ಲ, ಒಡೆಯಲಿಲ್ಲ. ಮಾಮಾ ಮಾತ್ರ ಬಟ್ಟಲು ಬಿಸಾಕಿ ತಾಯಿಯನ್ನು ಎತ್ತಿಕೊಳ್ಳಲು ಓಡಿದ. ಆಕೆ ಕೂತಲ್ಲಿಂದ ಏಳಲೇ ಇಲ್ಲ.

"ನೀನೂ ಸುಳ್ಳ ಹೇಳಾಕ ಕಲ್ತಿ, ಯಪ್ಪಾ," ಎಂದಳು. ಸಿಟ್ಟಿನಿಂದ ಅಂದಿದ್ದರೆ ಎಷ್ಟೋ ಚಲೋ ಇತ್ತು. "ಇನ್ನ ಒಳಗಾದ್ರೇನು, ಹೊರಗಾದ್ರೇನು. ಇಲ್ಲೇ ಇರ್ತೀನಿ ಬಿಡು."

ಕೆಮ್ಮು ವಾಸಿಯಾಯಿತು. ಆಯಿ ಉಳಿದಳು. ಆದರೆ ಭೂಮಿಯ ಮಾತನ್ನು ಮಗನಿಗೆ ಮತ್ತೆಂದೂ ಕೇಳಲಿಲ್ಲ. ಮಾಮಾನೂ ಊಟದ ಹೊತ್ತಿನಲ್ಲಿ ಸಂಶೋಧನೆಯ ಸುದ್ದಿ ಎತ್ತುವುದನ್ನು ಬಿಟ್ಟ. ಅವರಿಬ್ಬರನ್ನು ಮತ್ತೆ ಮೊದಲಿನಂತೆ ಮಾತಿಗೆ ಕೂಡಿಸುವುದು ಹೇಗೋ ನಮಗೆ ಯಾರಿಗೂ ತಿಳಿಯಲಿಲ್ಲ.

ಹೋದ ಮಳೆಗಾಲದಲ್ಲಿ, ಕಾಲೇಜಿಗೆ ಹೊರಟ ಮಾಮಾ ಬಾಗಿಲಲ್ಲೇ ಎದೆ ಹಿಡಿದು ಕೂತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನೂ ಯಾರೂ ಮೊದಲೇ ಹೇಳಿರಲಿಲ್ಲ.

ಈಗ ಅತ್ತಿ ತಂಬಿಗೆಗಳನ್ನು ತಾನೇ ತಾಗಿಸಿ ಇಡುತ್ತಾಳೆ. ಮೊನ್ನೆ ಅಥಣಿ ರಸ್ತೆಯ ನನ್ನ ಮನೆಯಿಂದ ಆಯಿಯನ್ನು ನೋಡಲು ಹೋಗಿದ್ದೆ. ಮಾತಾಡುತ್ತ ಕೂತಾಗ ಅವು ಸಪ್ಪಳ ಮಾಡಿದವು. ಆಯಿ ಮಾಮಾನ ಖುರ್ಚಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಮತ್ತ ಬರತೈತೇನು?"

"ಗೊತ್ತಿಲ್ಲ ಆಯಿ," ಎಂದೆ.

"ನಿನಗ ಗೊತ್ತಿಲ್ಲ ಅಂದ್ರ ಏನ ಬಂತ ತಂಗಿ," ಎಂದಳು ಆಯಿ. "ಅಂವಾ ಗೊತ್ತಿಲ್ಲ ಅಂದ್ರ, ಯಾರಿಗೂ ಗೊತ್ತಿಲ್ಲ ಅಂತ ಒಂದ ಧೈರ್ಯ ಇರ್ತಿತ್ತು."