ಶಿವಗಂಗಮ್ಮನ ತಿಂಡಿ ಪುಸ್ತಕ

ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ ಕುಮಾರಸ್ವಾಮಿಯ ತಾಯಿ ಶಿವಗಂಗಮ್ಮನಿಗೆ ಗೊತ್ತಿಲ್ಲದ ಕಾಯಿಲೆ ಇನ್ನೂ ಹುಟ್ಟಿರಲಿಲ್ಲ. ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಡಾಕ್ಟರಿಗಿಂತ ಮೊದಲು ಅವರು ಹಾಜರು. ವಾಸಿಯಾದರೆ ಅವರ ಕಷಾಯದಿಂದ, ಆಗದಿದ್ದರೆ ಡಾಕ್ಟರ ಮಾತ್ರೆಯಿಂದ. ಈ ತೀರ್ಪನ್ನು ಪ್ರಶ್ನಿಸುವ ಗಂಡೆದೆ ಊರಲ್ಲಿ ಯಾರಿಗೂ ಇರಲಿಲ್ಲ.

ಹಾಗಾಗಿ ಸಂಕ್ರಾಂತಿಯ ಸಂಜೆ ಮೂರು ವರ್ಷದ ಮೊಮ್ಮಗಳು ಗಾನವಿಯ ಮೈಮೇಲೆ ದದ್ದು ಎದ್ದಾಗ ಶಿವಗಂಗಮ್ಮ ತಡಮಾಡಲಿಲ್ಲ. ಮಗು ರೇಷ್ಮೆ ಲಂಗ ಉಟ್ಟು ಬೀದಿ ತುಂಬಾ ಎಳ್ಳು ಬೀರಿ ಬಂದಿದೆ, ಯಾರದೋ ಕಣ್ಣು ಬಿದ್ದಿದೆ ಎಂದರು. ಯಾರ ಕಣ್ಣು ಎಂಬುದನ್ನೂ ಹೇಳಿದರು. ಆ ಮನೆಯವರು ಇವತ್ತಿಗೂ ಮಾತು ಬಿಟ್ಟಿದ್ದಾರೆ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಸಾಲದ್ದಕ್ಕೆ, ಪ್ರತಿ ಸೋಮವಾರ ಈಶ್ವರನಿಗೆ ಚಿಗಳಿ ಎಡೆ ಇಟ್ಟು ಮಗುವಿಗೆ ಪ್ರಸಾದ ತಿನ್ನಿಸುತ್ತೇನೆಂದು ಹರಕೆ ಹೊತ್ತರು. ಬಾಯಿಬಿಟ್ಟರೆ ಹರಕೆ ಫಲಿಸದೆಂದು ಸೊಸೆ ಸ್ವಾತಿಗೂ ಹೇಳದೆ, ಗೆಳತಿ ರುಕ್ಮಿಣಮ್ಮನ ಮನೆಯಲ್ಲಿ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಕಟ್ಟುತ್ತಿದ್ದರು.

ದದ್ದು ಹೋಗಲಿಲ್ಲ. ವಾರಕ್ಕೊಮ್ಮೆ, ಅದೂ ಸೋಮವಾರವೇ ಬರತೊಡಗಿತು. ಶಿವನ ದಿನವೇ ಹೀಗೆ ಕಾಡುವ ಕಣ್ಣು ಸಾಮಾನ್ಯದ್ದಲ್ಲವೆಂದು ಶಿವಗಂಗಮ್ಮ ಒಂದು ಚಿಗಳಿಯ ಬದಲು ಎರಡು ಕೊಟ್ಟರು. ಆ ಮಧ್ಯಾಹ್ನ ಮಗುವಿನ ತುಟಿ ಊದಿಕೊಂಡಿತು, ಉಸಿರು ಸುಯ್ಯೆನ್ನತೊಡಗಿತು. ಕುಮಾರಸ್ವಾಮಿ ಅಂಗಡಿಯ ಬಾಗಿಲು ಕೂಡ ಹಾಕದೆ ಎಲ್ಲರನ್ನೂ ಕಾರಿಗೆ ಹತ್ತಿಸಿ ಅರಸೀಕೆರೆಗೆ ಓಡಿದ.

ಮಕ್ಕಳ ಡಾಕ್ಟರ್ ಹೇಮಲತಾ ಇಂಜೆಕ್ಷನ್ ಕೊಟ್ಟು, ಉಸಿರು ಸರಿಹೋದ ಮೇಲೆ, ಯಾವುದೋ ಆಹಾರ ಮಗುವಿನ ಮೈಗೆ ಒಗ್ಗುತ್ತಿಲ್ಲ, ರಕ್ತ ಪರೀಕ್ಷೆ ಮಾಡಿಸಿ ಎಂದರು. ಇನ್ನೊಮ್ಮೆ ಹೀಗಾದರೆ ಇಲ್ಲಿಗೆ ಬರುವಷ್ಟು ಸಮಯ ಸಿಗದಿರಬಹುದು ಎಂದೂ ಎಚ್ಚರಿಸಿದರು. ರಿಪೋರ್ಟು ಬರಲು ಒಂದು ವಾರ ಬೇಕು. ಅಲ್ಲಿಯವರೆಗೆ, ಇವತ್ತಿನಿಂದಲೇ ಹಿಡಿದು, ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟು, ಬರುವಾಗ ತರಬೇಕು. ರಕ್ತ ತೆಗೆಯುವಾಗ ಮಗುವಿಗಿಂತ ಅಜ್ಜಿಯ ಗಲಾಟೆಯೇ ಹೆಚ್ಚಾಯಿತು. ಒಂದು ತೊಟ್ಟು ಸಾಲದೇ ಎಂದು ಲ್ಯಾಬಿನ ಶಶಿಧರನನ್ನು ಗದರಿ, ಗಾನವಿ ಬಿಕ್ಕಿ ಸುಮ್ಮನಾದ ಮೇಲೂ ತಾವು ಕಣ್ಣೊರೆಸಿಕೊಳ್ಳುತ್ತಿದ್ದರು.

ಬರೆಯುವ ಅಧಿಕಾರವನ್ನು ಅವರೇ ವಹಿಸಿಕೊಂಡರು. ಮುದ್ದೆ ನಾಲ್ಕು ತುತ್ತು, ಬಾಳೆಹಣ್ಣು ಅರ್ಧ, ಒಂದನ್ನೂ ಬಿಡಲಿಲ್ಲ. ಸ್ವಾತಿ ಕೊಟ್ಟ ಬಿಸ್ಕತ್ತಿನ ಕೆಳಗೆ ಮಾತ್ರ ಕೆಂಪು ಇಂಕಿನಲ್ಲಿ ಗೆರೆ ಎಳೆದರು. ಚಿಗಳಿಯನ್ನು ಬರೆಯಲಿಲ್ಲ. ಮುಚ್ಚಿಟ್ಟದ್ದಲ್ಲ, ಹೊಳೆಯಲೇ ಇಲ್ಲ. ಉಪವಾಸದ ದಿನವೂ ಬಾಯಿಗೆ ಹಾಕಿಕೊಳ್ಳುವ ಪ್ರಸಾದ ತಿಂಡಿ ಹೇಗಾದೀತು?

ಮುಂದಿನ ಸೋಮವಾರ ರಿಪೋರ್ಟು ಬಂತು. ಶಿವಗಂಗಮ್ಮ ಬೆಳಿಗ್ಗೆಯೇ ಪೂಜೆ ಮುಗಿಸಿ ಹೊರಟಿದ್ದರು. ಡಾಕ್ಟರ್ ಹಾಳೆ ತಿರುಗಿಸಿ, ಹಾಲಲ್ಲ, ಗೋಧಿಯಲ್ಲ, ಕಡಲೆಕಾಯಿಯೂ ಅಲ್ಲ, ಎಳ್ಳು ಎಂದರು. ಬಿಸ್ಕತ್ತು ಪಾರಾದದ್ದು ಶಿವಗಂಗಮ್ಮನಿಗೆ ಸ್ವಲ್ಪ ಬೇಸರವೇ ಆಯಿತು.

"ಸಂಕ್ರಾಂತಿ ಬಿಟ್ರೆ ಮನೇಲಿ ಎಳ್ಳು ಮುಟ್ಟೋದೇ ಇಲ್ಲ ಮೇಡಂ," ಎಂದಳು ಸ್ವಾತಿ.

ಅಷ್ಟರಲ್ಲಿ ಗಾನವಿ ಅಜ್ಜಿಯ ಸೆರಗಿನ ಗಂಟು ಹಿಡಿದು ಎಳೆಯಿತು. "ಅಜ್ಜಿ, ಪ್ರಸಾದ ಕೊಡು."

ಶಿವಗಂಗಮ್ಮ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗಂಟು ಬಿಚ್ಚಿ, ಇದ್ದದ್ದನ್ನು ಡಾಕ್ಟರ ಮೇಜಿನ ಮೇಲಿಟ್ಟರು.

"ಇದು ದೇವ್ರುದು ಕಣಮ್ಮ, ತಿಂಡಿ ಅಂತ ನಂಗೆ ಹೊಳೀಲಿಲ್ಲ. ಹೋದ್ವಾರ ಎರಡು ಕೊಟ್ಟಿದ್ದೆ. ವಾಸಿ ಆಗ್ಲಿಲ್ವಲ್ಲ ಅಂತ ಇವತ್ತು ಮೂರು ತಂದಿದೀನಿ."

ಸ್ವಾತಿ ಮಗುವನ್ನು ಎತ್ತಿಕೊಂಡು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಶಿವಗಂಗಮ್ಮನಿಗೆ. ಪುಸ್ತಕದ ಮೊದಲ ಪುಟ ತೆರೆದು, ಬಿಸ್ಕತ್ತಿನ ಕೆಂಪು ಗೆರೆಯ ಕೆಳಗೆ ಬರೆದರು: ಚಿಗಳಿ, ಎರಡು. ಕೊಟ್ಟವರು, ಅಜ್ಜಿ.